ಹೇಳಿ ಮಾಡಿಸಿದ ಕ್ರಿಕೆಟ್ ಬ್ಯಾಟ್ ಕೊಟ್ಟ ದುಡ್ಡಿಗೆ ತಕ್ಕದ್ದೇ?

ಲೆದರ್ ಬಾಲ್‌ನಲ್ಲಿ ಆಗಾಗ ಆಡುವವರಿಗೆ ಹೌದು, ಹೆಚ್ಚಿನ ಸಲ ತಕ್ಕದ್ದೇ. ಮೀರತ್, ಜಲಂಧರ್‌ನ ತಯಾರಕರಿಂದ ನೇರವಾಗಿ ಮಾಡಿಸಿದರೆ ದುಡ್ಡು ಬ್ರ್ಯಾಂಡಿನ ಸ್ಟಿಕ್ಕರಿಗಿಂತ ಜಾಸ್ತಿ ಮರಕ್ಕೆ, ಕೈಕೆಲಸಕ್ಕೆ ಹೋಗುತ್ತದೆ. ತೂಕ, ಹಿಡಿಯ ದಪ್ಪವನ್ನೂ ನೀವೇ ಹೇಳಬಹುದು.

ಆದರೆ ಗ್ರೇಡ್ 1 ಅಂತ ಸುಮ್ನೆ ಜಾಸ್ತಿ ಕೊಡಬೇಡಿ. ಇಂಥ ಬ್ಯಾಟ್ ಮಾಡುವ ಇಂಗ್ಲಿಷ್ ವಿಲ್ಲೋ ಮರಕ್ಕೆ ಗ್ರೇಡ್ (1 ಅಂದರೆ ಮೇಲಿನ ದರ್ಜೆ) ಕೊಡುವುದು ಮುಖ್ಯವಾಗಿ ನೋಟ ನೋಡಿ: ನೇರ ಗೆರೆಗಳು, ಕಲೆಯಿಲ್ಲದ ಬಿಳಿ ಮುಖ. ಚೆಂಡು ಚಿಮ್ಮುವುದು ಮರದ ಗುಣ ಮತ್ತು ಅದನ್ನು ಯಂತ್ರದಲ್ಲಿ ಒತ್ತಿದ ಹದದ ಮೇಲೆ. ಕಡಿಮೆ ಒತ್ತಿದರೆ ಬೇಗ ಕುಳಿ ಬೀಳುತ್ತದೆ, ಬಿರುಕು ಬಿಡುತ್ತದೆ. ಜಾಸ್ತಿ ಒತ್ತಿದರೆ ಚೆಂಡು ಸತ್ತಂತೆ ಬೀಳುತ್ತದೆ. ಹಾಗಾಗಿ ಕಲೆಯಿರುವ ಗ್ರೇಡ್ 3ರ ಬ್ಯಾಟೂ ಸೊಗಸಾಗಿ ಆಡಬಹುದು. ಸಾಧ್ಯವಾದರೆ ತಯಾರಕರಲ್ಲೇ ಹೋಗಿ, ಚೆಂಡು ತಟ್ಟಿ ನೋಡಿ ತೆಗೆದುಕೊಳ್ಳಿ.

ಟೆನಿಸ್ ಬಾಲ್‌ಗೆ ಇಷ್ಟು ಖರ್ಚು ಬೇಡವೇ ಬೇಡ.