ಅದೇ ಲುಕ್ಕು, ಮೂರನೇ ಒಂದು ಭಾಗ ರೇಟು: ಈ ಇ-ಬೈಕ್ ತಗೋಬಹುದಾ?

ಪ್ರಶ್ನೆ: ಸರ್, ದೊಡ್ಡ ಬ್ರ್ಯಾಂಡಿನ ಎಲೆಕ್ಟ್ರಿಕ್ ಸೈಕಲ್ ಒಂದನ್ನ ನೋಡಿಟ್ಕೊಂಡಿದ್ದೆ. ಆನ್‌ಲೈನಲ್ಲಿ ಹುಡುಕ್ತಾ ಹೋದ್ರೆ ಥೇಟ್ ಅದೇ ಥರದ್ದು, ಅದೇ ಫ್ರೇಮು ಅದೇ ದಪ್ಪ ಟೈರು, ಮೂರನೇ ಒಂದು ಭಾಗ ರೇಟಿಗೆ ಸಿಗ್ತಿದೆ. ಮೋಟರ್ ವ್ಯಾಟೂ ಅಷ್ಟೇ ಬರ್ದಿದ್ದಾರೆ. ಬರೀ ಹೆಸರಿಗೆ ಯಾಕೆ ಅಷ್ಟೊಂದು ದುಡ್ಡು ಸುರೀಬೇಕು?

ಉತ್ತರ: ಬರೀ ಹೆಸರಿಗೆ ಅಂತಾದ್ರೆ ಸುರೀಬೇಡಿ. ಕಡಿಮೆ ರೇಟಿನ ಗಾಡಿ ಎಲ್ಲಾ ಕಳಪೆ ಅನ್ನೋದನ್ನ ನಾನು ಒಪ್ಪಲ್ಲ. ಆದ್ರೆ ಖರ್ಚು ಉಳಿಸೋ ಕಂಪನಿ ಮೊದ್ಲು ಕೈ ಹಾಕೋದೇ ಕಣ್ಣಿಗೆ ಕಾಣದ ಜಾಗಕ್ಕೆ, ಅಂದ್ರೆ ಬ್ಯಾಟರಿ ಡಬ್ಬದೊಳಕ್ಕೆ.

36 ವೋಲ್ಟಿನ ಪ್ಯಾಕಲ್ಲಿ ಸಾಮಾನ್ಯವಾಗಿ ಹತ್ತು ಗುಂಪು ಲಿಥಿಯಂ ಸೆಲ್ ಸಾಲಾಗಿರ್ತವೆ, ಫುಲ್ ಚಾರ್ಜ್ ಆದಾಗ ಒಂದೊಂದು ಗುಂಪು 4.2 ವೋಲ್ಟ್, ಅದಕ್ಕಿಂತ ಮೇಲೆ ಹೋಗ್ದಂಗೆ ಕಾಯೋಕೆ ಬಿಎಂಎಸ್ ಅಂತ ಒಂದು ಬೋರ್ಡ್ ಇರತ್ತೆ. ಆ ಬೋರ್ಡು ಸರಿಯಿಲ್ದಿದ್ರೆ, ಹಳೇ ಸೆಲ್ಲು ಹೊಸ ಸೆಲ್ಲು ಬೆರೆಸಿ ಕಟ್ಟಿದ್ರೆ, ಒಂದು ಸೆಲ್ ಮಿತಿಮೀರಿ ಬಿಸಿಯಾಗಿ ಪಕ್ಕದ್ದನ್ನ ಹತ್ತಿಸತ್ತೆ, ಅದು ಇನ್ನೊಂದನ್ನ, ಆಮೇಲೆ ಅದನ್ನ ಆರ್ಸೋದು ಫೈರ್ ಬ್ರಿಗೇಡಿನೋರಿಗೂ ಕಷ್ಟ. ನ್ಯೂಯಾರ್ಕ್ ಸಿಟಿಲಿ ಇಂಥ ಬೆಂಕಿಗೆ ಜನ ಸತ್ತ ಮೇಲೆ, ಯುಎಲ್ 2849 ಅನ್ನೋ ಸುರಕ್ಷತೆ ಪರೀಕ್ಷೆಯ ಸರ್ಟಿಫಿಕೇಟ್ ಇಲ್ದಿರೋ ಇ-ಬೈಕ್ ಮಾರಂಗಿಲ್ಲ ಅಂತ 2023ರ ಸೆಪ್ಟೆಂಬರಿಂದ ಕಾನೂನೇ ಬಂತು. ಯುರೋಪಿನ ಸ್ಟ್ಯಾಂಡರ್ಡ್ ಇಎನ್ 15194. ಇವನ್ನ ಪಾಸಾದ ಗಾಡಿ ಅಗ್ಗದ್ದರಲ್ಲೂ ಇವೆ, ಅಂಥದ್ದಾದ್ರೆ ಧೈರ್ಯವಾಗಿ ತಗೊಳ್ಳಿ. ಸರ್ಟಿಫಿಕೇಟ್ ಇಲ್ಲ ಅಂದ್ರೆ ಎಷ್ಟೇ ಕಡಿಮೆಗೆ ಕೊಟ್ರೂ ಬೇಡ.

ವ್ಯಾಟ್ ಒಂದೇ ಇದ್ರೂ ಓಡ್ಸೋ ಅನುಭವ ಒಂದೇ ಇರಲ್ಲ. ಅಗ್ಗದ್ದರಲ್ಲಿ ಹೆಚ್ಚಾಗಿ ಪೆಡಲ್ ತಿರುಗ್ತಿದ್ಯಾ ಇಲ್ವಾ ಅಂತ ಮಾತ್ರ ನೋಡೋ ಸೆನ್ಸರ್ ಇರತ್ತೆ, ಹಾಗಾಗಿ ತುಳಿದು ಸ್ವಲ್ಪ ಹೊತ್ತಾದ್ಮೇಲೆ ಮೋಟರ್ ಒಮ್ಮೆಲೇ ಎಳಿಯತ್ತೆ, ಕಾಲು ನಿಲ್ಸಿದ್ಮೇಲೂ ಒಂದು ಕ್ಷಣ ಮುಂದಕ್ಕೆ ತಳ್ಳತ್ತೆ, ಜನರ ಮಧ್ಯೆ ನಿಧಾನಕ್ಕೆ ಹೋಗುವಾಗ ಇದು ನಿಜವಾಗ್ಲೂ ಭಯ ಆಗತ್ತೆ. ಟಾರ್ಕ್ ಸೆನ್ಸರ್ ಇದ್ರೆ ನೀವು ಎಷ್ಟು ಒತ್ತಿ ತುಳೀತೀರೋ ಅದಕ್ಕೆ ತಕ್ಕಷ್ಟೇ ಸಹಾಯ ಸಿಗತ್ತೆ. ಓಡಿಸಿ ನೋಡದೆ ತಗೋಬೇಡಿ.

ಹಾಗಂತ ದುಬಾರಿದು ತಗೊಂಡ್ರೆ ನಿಶ್ಚಿಂತೆ ಅಂತಾನೂ ಇಲ್ಲ. ದುಬಾರಿ ಇ-ಬೈಕ್ ಮಾಡ್ತಿದ್ದ ನೆದರ್ಲೆಂಡ್ಸಿನ ವ್ಯಾನ್‌ಮೂಫ್ ಕಂಪನಿ 2023ರ ಜುಲೈಲಿ ದಿವಾಳಿ ಆಯ್ತು, ಅದರ ಎಷ್ಟೋ ಪಾರ್ಟ್ಸು ಆ ಕಂಪನಿದೇ ಸ್ವಂತ ಡಿಸೈನು, ಬೇರೆ ಕಡೆ ಸಿಗ್ತಿರ್ಲಿಲ್ಲ, ಅನ್‌ಲಾಕ್ ಮಾಡೋಕೂ ಅವರದೇ ಆ್ಯಪ್, ಸರ್ವರ್ ನಿಂತೋದ್ರೆ ಏನ್ಗತಿ ಅಂತ ತಗೊಂಡೋರೆಲ್ಲ ಹೆದರ್ಕೊಂಡ್ರು. ಕೊನೆಗೆ ಅವರ ಪೈಪೋಟಿಗಿದ್ದ ಕೌಬಾಯ್ ಕಂಪನಿಯೋರೇ ಡಿಜಿಟಲ್ ಕೀ ಉಳಿಸ್ಕೊಳ್ಳೋಕೆ ಒಂದು ಆ್ಯಪ್ ಮಾಡಿ ಕೊಟ್ರು. ಅದಕ್ಕೇ ಯಾವ ಗಾಡಿನೇ ಆಗ್ಲಿ, ಬ್ರೇಕ್ ಪ್ಯಾಡು, ಮೋಟರ್ ನಿಯಂತ್ರಿಸೋ ಕಂಟ್ರೋಲರ್, ಡಿಸ್‌ಪ್ಲೇ ಹೊರಗಡೆ ಸಿಗತ್ತಾ ಅಂತ ಮುಂಚೇನೇ ಕೇಳಿ.

ಪ್ರಶ್ನೆ: ನಾನು ಆಗ್ಲೇ ಅಗ್ಗದ್ದು ತಗೊಂಡಿದ್ದೀನಿ, ಚಾರ್ಜರ್ ಕೆಟ್ಟೋಗಿದೆ. ಬೇರೆ ಗಾಡಿದು ಪಿನ್ ಕರೆಕ್ಟಾಗಿ ಕೂರತ್ತೆ, ಹಾಕ್ಬಹುದಾ?

ಉತ್ತರ: ಪಿನ್ ಕೂತ್ಕೊಳ್ತು ಅಂತ ಹಾಕ್ಲೇಬೇಡಿ ದಯವಿಟ್ಟು. 36 ವೋಲ್ಟ್ ಪ್ಯಾಕಿನ ಚಾರ್ಜರ್ ಕೊಡೋದು 42 ವೋಲ್ಟ್, 48ರದ್ದು 54.6, ಎರಡರ ಪಿನ್ನೂ ಒಂದೇ ಥರ ಇರಬಹುದು. ಮಾರಿದೋರ ಹತ್ರಾನೇ ಅದೇ ಮಾಡೆಲ್ಲಿಂದು ಕೇಳಿ ತರ್ಸಿ. ಪ್ಯಾಕ್ ಉಬ್ಬಿದ್ರೆ, ವಾಸನೆ ಬಂದ್ರೆ, ಚಾರ್ಜಿಂಗಲ್ಲಿ ಕೈ ಇಡೋಕಾಗದಷ್ಟು ಬಿಸಿಯಾದ್ರೆ ಅದನ್ನ ಮತ್ತೆ ಚಾರ್ಜಿಗೆ ಹಾಕ್ಬೇಡಿ. ರಾತ್ರಿ ಮಲಗುವಾಗ ಚಾರ್ಜಿಗಿಡೋದು, ಬಾಗ್ಲಿಗೆ ಅಡ್ಡ ಇಟ್ಟು ಚಾರ್ಜ್ ಮಾಡೋದು ಎರಡೂ ಬೇಡ.