ಬೆನ್ನಿಗೆ ಕಟ್ಟೋ ಸೆನ್ಸಾರ್ ಏನೇನ್ ನೋಡತೈತಿ?

ಪ್ರಶ್ನೆ: ಸರ್ ನಮಸ್ಕಾರ್ರೀ. ನಾನು ಹುಬ್ಬಳ್ಳಿ ತಾರಿಹಾಳದಾಗ ಒಂದ್ ಫೌಂಡ್ರಿಯೊಳಗ ಫೆಟ್ಲಿಂಗ್ (ಎರಕ ಹೊಯ್ದ ತುಂಡಿನ ಅಂಚು ಉಜ್ಜಿ ತಗಿಯೋ) ಕೆಲಸ ಮಾಡ್ತೀನಿ. ಈಗ ಶಿಫ್ಟ್ ಚಾಲೂ ಆದ ಕೂಡ್ಲೇ ಬೆನ್ನಿಗೊಂದು, ಎರಡೂ ಮುಂಗೈಗೆ ಒಂದೊಂದು ಸೆನ್ಸಾರ್ ಕಟ್ಟಾಕತ್ತಾರ. ಬೆನ್ನು ನೋವು ಕಡಿಮಿ ಮಾಡಾಕ ಅಂತಾರ, ಆದ್ರ ಎಲ್ಲಿ ಹೊಕ್ಕೀವಿ, ಎಷ್ಟೊತ್ತು ಕುಂತೀವಿ ಎಲ್ಲಾ ಆಫೀಸಿಗೆ ಗೊತ್ತಾಗತೈತಿ ಅಂತ ಹುಡುಗ್ರು ಅಂಜ್ಯಾರ. ಖರೇ ಏನ್ರಿ? ಮೈಗೆ ಏನರ ಆಗತೈತೇನು?
– ಒಬ್ಬ ಕಾರ್ಮಿಕ

ಉತ್ತರ: ಅಣ್ಣಾರ, ಮೈಗೆ ಅಂಜಬ್ಯಾಡ್ರಿ, ಬ್ಲೂಟೂತ್ ಇದ್ರೂ ಅದರ ಪವರ್ ಮೊಬೈಲ್‌ಕಿಂತ ಭಾಳ ಕಡಿಮಿ. ನನಗ ಚಿಂತಿ ಹತ್ತಿದ್ದು ಬ್ಯಾರೆ. ಫೆಟ್ಲಿಂಗ್ ಅಂದ್ರ ಗ್ರೈಂಡರ್ ಕೆಲಸ, ಮುಂಗೈ ಪಟ್ಟಿ ತುದಿ ಸಡ್ಲ ಉಳದ್ರ ತಿರಗೋ ಕಲ್ಲಿಗೆ ಸಿಕ್ಕೊಂಡು ಕೈನ ಎಳಕೊಂಡು ಹೋಗಬಹುದು. ಗ್ರೈಂಡರ್ ಹಿಡಿಯೋ ಹೊತ್ತಿನ್ಯಾಗ ಮುಂಗೈದು ಬಿಚ್ಚಿಡ್ತೀವಿ ಅಂತ ಇವತ್ತ ಸೂಪರ್‌ವೈಸರ್‌ಗೆ ಹೇಳ್ರಿ, ಬೆನ್ನಿಂದು ಇದ್ರ ಸಾಕು.

ಸೆನ್ಸಾರ್ ಒಳಗ ವೇಗ ಬದಲಾಗೋದನ್ನ ಅಳಿಯೋ ಅಕ್ಸೆಲರೋಮೀಟರ್, ತಿರಗೋದನ್ನ ಅಳಿಯೋ ಜೈರೋಸ್ಕೋಪ್ ಇರ್ತಾವ, ಕೆಲವುದರಾಗ ದಿಕ್ಸೂಚಿ ಹಂಗ ದಿಕ್ಕು ತೋರ್ಸೋ ಮ್ಯಾಗ್ನೆಟೋಮೀಟರೂ ಇರತೈತಿ. ನೀವು ಅಲುಗಾಡದ ನಿಂತಾಗ್ಲೂ ಭೂಮಿ ಯಾವ ಕಡೆ ಎಳಿಯಾಕತ್ತೇತಿ ಅಂತ ಅಕ್ಸೆಲರೋಮೀಟರ್‌ಗೆ ತಿಳೀತೈತಿ, ಅದರ ಮ್ಯಾಲ ಬೆನ್ನು ಎಷ್ಟು ಡಿಗ್ರಿ ಬಗ್ಗೇತಿ ಅಂತ ಲೆಕ್ಕ ಹಾಕ್ತಾರ. ನೆಲದ ಮ್ಯಾಲಿನ ಕಾಸ್ಟಿಂಗ್ (ಎರಕದ ತುಂಡು) ಎತ್ತಾಕ ಬಗ್ಗಿದ್ರಿ ಅಂದ್ರ ಗ್ರಾಫ್ 60 ದಾಟಿ ಹೋಗತೈತಿ, ಮೈಭಂಗಿ ಅಳಿಯೋ ರೆಬಾ ಪದ್ಧತಿಯೊಳಗ 60 ಡಿಗ್ರಿ ಮ್ಯಾಲ ಬಗ್ಗೋದಕ್ಕ ಅಪಾಯದ ಅಂಕ ಹೆಚ್ಚು. ಮ್ಯಾಗ್ನೆಟೋಮೀಟರ್ ಮಾತ್ರ ಕಬ್ಬಿಣದ ನಡುವ ದಿಕ್ಕು ತಪ್ಪತೈತಿ, ಫೌಂಡ್ರಿಯೊಳಗ ಅದರ ಲೆಕ್ಕ ಕಣ್ಮುಚ್ಚಿ ನಂಬೋ ಹಂಗಿಲ್ಲ.

ಇನ್ನ ಕೈಯಾಗಿನ ತೂಕ ಅದಕ್ಕ ಗೊತ್ತಾಗಂಗೇ ಇಲ್ಲ. 5 ಕೆಜಿ ಎತ್ತಿದ್ರೂ 25 ಕೆಜಿ ಎತ್ತಿದ್ರೂ ಬಗ್ಗೋ ಡಿಗ್ರಿ ಹೆಚ್ಚುಕಡಿಮಿ ಒಂದೇ. ಕೆಲಸಗಾರರ ಸುರಕ್ಷತೆ ನೋಡೋ ಅಮೆರಿಕದ ನಯಾಶ್ (NIOSH) ಸಂಸ್ಥೆ ಸೂತ್ರದಾಗ ಎಲ್ಲಾ ಅನುಕೂಲ ಇದ್ರ ಎತ್ತೋ ತೂಕದ ಮಿತಿ 23 ಕೆಜಿ, ಅದ್ನ ಎರಡೂ ಪಾದದ ಕೀಲಿನ ನಡುವಿನಿಂದ 63 ಸೆಂಟಿಮೀಟರ್ ಮುಂದ ಹಿಡಿದ್ರ ಮಿತಿ ಸುಮಾರು 9 ಕೆಜಿಗೆ ಇಳೀತೈತಿ! ಅದಕ್ಕ ಯಾವ ಕಾಸ್ಟಿಂಗ್ ಎಷ್ಟು ತೂಕ ಅಂತ ಬರದು ಸೆನ್ಸಾರ್ ರಿಪೋರ್ಟ್ ಜೋಡಿ ಇಡಬೇಕ್ರಿ.

ಎಲ್ಲಿ ಹೊಕ್ಕೀರಿ ಅನ್ನೋದು ಇಷ್ಟರಿಂದ ತಿಳ್ಯಂಗಿಲ್ಲ, ಗೋಡೆಗೆ ಬ್ಲೂಟೂತ್ ಬೀಕನ್ (ಜಾಗ ಗುರ್ತಿಸಾಕ ಸಿಗ್ನಲ್ ಬಿಡೋ ಸಣ್ಣ ಡಬ್ಬಿ) ಹಚ್ಚಿದ್ರ ತಿಳೀತೈತಿ, ಹಚ್ಚ್ಯಾರೇನು ಕೇಳ್ರಿ. ಎಷ್ಟೊತ್ತು ಸುಮ್ಮ ಕುಂತ್ರಿ ಅನ್ನೋದಂತೂ ತಿಳೀತೈತಿ, ಹುಡುಗ್ರ ಅಂಜಿಕಿ ಸುಳ್ಳಲ್ಲ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯೊಳಗ ನೌಕರಿಗೆ ಸಂಬಂಧಪಟ್ಟ ಉದ್ದೇಶಕ್ಕ ಒಪ್ಪಿಗಿ ಇಲ್ದನೂ ಮಾಹಿತಿ ಬಳಸಾಕ ಮಾಲಕರಿಗೆ ದಾರಿ ಬಿಟ್ಟಾರ, ಕಾಯ್ದೆ ನೋಡ್ಕೊಳತೈತಿ ಅಂತ ಕೂಡಬ್ಯಾಡ್ರಿ. ಎಲ್ಲಾರೂ ಕೂಡಿ ಬರದು ಕೇಳ್ರಿ, ಹೆಸರು ಹಚ್ಚಿ ಇಡ್ತಾರೇನು, ಯಾರ್ ನೋಡ್ತಾರ, ಯಾವಾಗ ಅಳಸ್ತಾರ, ಪಗಾರ ಕಡಿಯಾಕ ಬಳಸಂಗಿಲ್ಲ ಅಂತ ಸಹಿ ಮಾಡಿ ಕೊಡ್ತಾರೇನು. ಬೆನ್ನು ನೋವಿನ ಸಲುವಾಗಿ ಅಂದಮ್ಯಾಲ ರಿಪೋರ್ಟ್ ಬಂದಾಗ ಬದಲಾಗಬೇಕಾದದ್ದು ಕಾಸ್ಟಿಂಗ್ ಇಡೋ ಜಾಗ, ನೆಲದ ಬದ್ಲಿ ಸೊಂಟದ ಎತ್ತರಕ್ಕ ಟೇಬಲ್, ಭಾರದ್ದಕ್ಕ ಹಾಯ್ಸ್ಟ್ (ಭಾರ ಎತ್ತೋ ಯಂತ್ರ). ಅದ್ಯಾವ್ದೂ ಮಾಡದ 'ನೀ ಸರಿ ಬಗ್ಗು' ಅಂತ ನಿಮ್ಮನ್ನಷ್ಟ ಬೈಯಾಕ ಕಟ್ಟಿದ್ರ ಅದು ಅನ್ಯಾಯ, ನಾ ಒಪ್ಪಂಗಿಲ್ಲ.

ಪ್ರಶ್ನೆ: ನಮ್ದು ಗದಗದಾಗ ಸಣ್ಣ ಎಣ್ಣಿ ಮಿಲ್. ಹಮಾಲರಿಗೆ ಬೆನ್ನು ನೋವು ಭಾಳ. ಸೆನ್ಸಾರಿಗೆ ರೊಕ್ಕ ಇಲ್ಲ, ಮೊಬೈಲ್‌ನ್ಯಾಗ ಆಗತೈತೇನ್ರಿ?
– ಮಿಲ್ ಮಾಲಕರು

ಉತ್ತರ: ಮೊಬೈಲ್‌ನ್ಯಾಗೂ ಅಕ್ಸೆಲರೋಮೀಟರ್ ಇರತೈತಿ, ಆದ್ರ ನಿಮಗ ಅದೂ ಬ್ಯಾಡ್ರಿ. ಹಮಾಲರನ್ನ ಕೇಳಿ, ಅವರು ಹೂಂ ಅಂದ್ರ ಚೀಲ ಎತ್ತೋದನ್ನ ಬಾಜೂದಿಂದ ವಿಡಿಯೋ ತಗೋರಿ, ನಿಲ್ಲಿಸಿ ನೋಡಿದ್ರ ಎಷ್ಟು ಬಗ್ತಾರ ಕಾಣತೈತಿ. ಆಮ್ಯಾಲ ಥಪ್ಪಿಯ ಬುಡಕ ಕಟ್ಟಿಗಿ ಪ್ಯಾಲೆಟ್ ಹಾಕಿ ಎತ್ತರ ಮಾಡ್ರಿ.