ಮಾತ್ರೆ ಪುಕ್ಕಟೆ, ಖರ್ಚೆಲ್ಲ ದಾರಿಯಲ್ಲಿ: ಹೆಪಟೈಟಿಸ್ ಸಿ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮ ಯಜಮಾನರಿಗೆ 46 ವರ್ಷ. ಊರಿನ ಶಿಬಿರದಲ್ಲಿ ರಕ್ತದಾನ ಮಾಡಿದ್ದರು. ಕೆಲವು ದಿನಗಳ ನಂತರ ರಕ್ತನಿಧಿಯವರು ಕರೆದು ‘ಹೆಪಟೈಟಿಸ್ ಸಿ ರಿಯಾಕ್ಟಿವ್ ಬಂದಿದೆ, ತೋರಿಸಿಕೊಳ್ಳಿ’ ಅಂದರು. ಖಾಸಗಿ ಆಸ್ಪತ್ರೆಯಲ್ಲಿ ಮೂರು ತಿಂಗಳ ಮಾತ್ರೆ, ಪರೀಕ್ಷೆ ಎಲ್ಲ ಸೇರಿ ಹೇಳಿದ ಮೊತ್ತಕ್ಕೆ ಒಡವೆ ಅಡವಿಡಬೇಕಾಗುತ್ತದೆ. ನಮ್ಮದು ಎಪಿಎಲ್ ಕಾರ್ಡು. ಕಡಿಮೆ ಬೆಲೆಗೆ ಮಾತ್ರೆ ಎಲ್ಲಿ ಸಿಗುತ್ತದೆ?
– ಓದುಗರು, ಹಾಸನ ಜಿಲ್ಲೆ

ಉತ್ತರ: ಒಡವೆ ಪೆಟ್ಟಿಗೆಯಲ್ಲೇ ಇರಲಿ. ಲಿವರ್‌ಗೆ ತಗಲುವ ಈ ವೈರಸ್‌ನ ಮಾತ್ರೆ ಸರ್ಕಾರಿ ಚಿಕಿತ್ಸಾ ಕೇಂದ್ರದಲ್ಲಿ ಪುಕ್ಕಟೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಗೂ ಮಾತ್ರೆಗೂ ದುಡ್ಡಿಲ್ಲ. ಆದಾಯ ಮಿತಿ ಇಲ್ಲ, ಯಾವ ಬಣ್ಣದ ಕಾರ್ಡು ಎಂದು ಕೇಳುವಂತಿಲ್ಲ. ಆದರೆ ಮಾತ್ರೆ ಹುಡುಕುವ ಮೊದಲು, ಮಾತ್ರೆ ಬೇಕೇ ಎಂಬುದು ಗೊತ್ತಾಗಬೇಕು.

ರಕ್ತನಿಧಿಯವರು ನೋಡುವುದು ವೈರಸ್ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು, ಅಂದರೆ ಆಂಟಿ-ಎಚ್‌ಸಿವಿಯನ್ನು. ವೈರಸ್ ಒಮ್ಮೆ ಬಂದು ಹೋಗಿದ್ದರೂ ಇದು ಉಳಿದಿರುತ್ತದೆ. ಸೋಂಕು ತಗುಲಿದವರಲ್ಲಿ ನೂರಕ್ಕೆ 15ರಿಂದ 45 ಜನರಿಗೆ ಆರು ತಿಂಗಳೊಳಗೆ ಯಾವ ಔಷಧವೂ ಇಲ್ಲದೆ ವೈರಸ್ ತಾನಾಗಿಯೇ ಹೋಗಿಬಿಡುತ್ತದೆ. ನಿಮ್ಮ ಯಜಮಾನರು ಅವರಲ್ಲೊಬ್ಬರಾಗಿದ್ದರೆ ಒಂದು ಮಾತ್ರೆಯೂ ಬೇಡ. ಅದನ್ನು ತೀರ್ಮಾನಿಸುವುದು ಎಚ್‌ಸಿವಿ ಆರ್‌ಎನ್‌ಎ ಪರೀಕ್ಷೆ, ಆಸ್ಪತ್ರೆಯ ಬಾಯಲ್ಲಿ ‘ವೈರಲ್ ಲೋಡ್’. ಅದಿಲ್ಲದೆ ಮಾತ್ರೆ ಬರೆದುಕೊಟ್ಟ ಚೀಟಿ ಹಿಡಿದು ಅಂಗಡಿಗೆ ಹೋಗಬೇಡಿ.

ಮಾಡಬೇಕಾದ್ದು ಇಷ್ಟು. 104ಕ್ಕೆ ಫೋನ್ ಮಾಡಿ, ಇಲ್ಲವೇ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ, ನಿಮಗೆ ಹತ್ತಿರದ ಹೆಪಟೈಟಿಸ್ ಚಿಕಿತ್ಸಾ ಕೇಂದ್ರ ಯಾವುದು, ಯಾವ ದಿನ ನೋಡುತ್ತಾರೆ ಎಂದು ಕೇಳಿ. ಸಾಮಾನ್ಯವಾಗಿ ಅದು ಜಿಲ್ಲಾಸ್ಪತ್ರೆ ಅಥವಾ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮೆಡಿಸಿನ್ ವಿಭಾಗದಲ್ಲಿರುತ್ತದೆ. ಹೊರರೋಗಿ ಕೌಂಟರಿನಲ್ಲಿ ಬರೀ ‘ಜಾಂಡೀಸ್’ ಅಂದರೆ ಸಾಮಾನ್ಯ ಸಾಲಿಗೆ ಕಳಿಸಿಬಿಡುತ್ತಾರೆ. ‘ಹೆಪಟೈಟಿಸ್ ಸಿ ಕಾರ್ಯಕ್ರಮ’ ಎಂದೇ ಹೇಳಿ. ಗುರುತಿನ ಚೀಟಿ, ರಕ್ತನಿಧಿಯ ವರದಿ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಗಳು ಜೊತೆಗಿರಲಿ. ಪಟ್ಟಿ ಅಂದರೆ ಖಾಲಿ ಸ್ಟ್ರಿಪ್ಪುಗಳೇ. ಹೆಸರು ನೆನಪಿಟ್ಟುಕೊಂಡು ಹೇಳಲು ಹೋಗಿ ತಪ್ಪುವುದೇ ಹೆಚ್ಚು.

ವೈರಲ್ ಲೋಡ್‌ಗೆ ಖಾಲಿ ಹೊಟ್ಟೆ ಬೇಕಿಲ್ಲ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ತೆಗೆಯುತ್ತಾರೆ. ಎಡವಟ್ಟಾಗುವುದು ಇಲ್ಲೇ: ಈ ವೈರಸ್‌ನ ಆರ್‌ಎನ್‌ಎ ಬಹಳ ನಾಜೂಕು, ಸಾಮಾನ್ಯವಾಗಿ ಆರು ಗಂಟೆಯೊಳಗೆ ಪ್ಲಾಸ್ಮಾ ಬೇರ್ಪಡಿಸಿ ತಣ್ಣಗಿಡಬೇಕು. ತಾಲ್ಲೂಕಿನಲ್ಲಿ ಕೊಟ್ಟ ರಕ್ತ ಸಂಜೆಯವರೆಗೆ ಬಿಸಿಲಲ್ಲಿ ಸುತ್ತಿದರೆ ಇರುವ ವೈರಸ್ ಕಡಿಮೆ ಕಾಣಬಹುದು. ಆದ್ದರಿಂದ ಒಂದು ಬಸ್ ಚಾರ್ಜು ಹೆಚ್ಚಾದರೂ ಬೆಳಿಗ್ಗೆಯೇ ಕೇಂದ್ರಕ್ಕೆ ಹೋಗಿ ಅಲ್ಲೇ ರಕ್ತ ಕೊಡುವುದು ಮೇಲು.

ವೈರಸ್ ಇದೆ ಎಂದಾದರೆ ರಕ್ತಕಣಗಳ ಎಣಿಕೆ, ಲಿವರ್ ಪರೀಕ್ಷೆ, ಕಿಡ್ನಿಯ ಕ್ರಿಯಾಟಿನಿನ್ ಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್ ಮಾಡುತ್ತಾರೆ. ಹೆಪಟೈಟಿಸ್ ಬಿ ಪರೀಕ್ಷೆಯನ್ನಂತೂ ಬಿಡಲೇಬೇಡಿ. ಎರಡೂ ಇದ್ದವರಲ್ಲಿ ಸಿ ಅಡಗುತ್ತಿದ್ದಂತೆ ಬಿ ಕೆರಳುವುದುಂಟು. ಜೀನೋಟೈಪ್, ಅಂದರೆ ಈ ವೈರಸ್‌ನ ಒಳಬಗೆ ತಿಳಿಯುವ ಪರೀಕ್ಷೆ ಬರೆದಿದ್ದರೆ ಯಾಕೆ ಎಂದು ಕೇಳಿ. ಮೊದಲ ಸಲ ಚಿಕಿತ್ಸೆ ಪಡೆಯುವವರಿಗೆ ಈಗಿನ ಮಾತ್ರೆಗಳು ಈ ವೈರಸ್‌ನ ಎಲ್ಲ ಬಗೆಗೂ ನಾಟುತ್ತವೆ, ಆ ದುಡ್ಡು ಉಳಿಯುತ್ತದೆ.

ಲಿವರ್ ಗಾಯಗಟ್ಟಿ ಗಡುಸಾಗದಿದ್ದರೆ, ಅಂದರೆ ಸಿರೋಸಿಸ್ ಇಲ್ಲದಿದ್ದರೆ, ಕೊಡುವುದು ಸೋಫೋಸ್ಬುವಿರ್ 400 ಮಿಲಿಗ್ರಾಂ ಮತ್ತು ಡಕ್ಲಾಟಾಸ್ವಿರ್ 60 ಮಿಲಿಗ್ರಾಂ, ದಿನಕ್ಕೊಂದು ಸಲ, 84 ದಿನ. ಸಾಮಾನ್ಯವಾಗಿ 28 ದಿನಕ್ಕಾಗುವಷ್ಟು ಒಮ್ಮೆ ಕೊಡುತ್ತಾರೆ. ಎರಡೂ ಬೇರೆ ಬೇರೆ ಡಬ್ಬಿಯಲ್ಲಿದ್ದರೆ ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಹಂಚುವುದು ಬೇಡ, ಒಂದೇ ಹೊತ್ತಿಗೆ ಜೊತೆಯಾಗಿ ನುಂಗಬೇಕು. ಎರಡರಲ್ಲಿ ಒಂದರ ದಾಸ್ತಾನು ಮುಗಿದು ಇನ್ನೊಂದು ಮಾತ್ರ ಸಿಕ್ಕಿದರೆ ಅದೊಂದನ್ನೇ ನುಂಗಬೇಡಿ. ವೈರಸ್ ಆ ಔಷಧಕ್ಕೆ ಪಳಗಿಬಿಡುತ್ತದೆ. ಮುಂದಿನ ಡಬ್ಬಿಗೆ 28ನೇ ದಿನ ಓಡದೆ 23–24ನೇ ದಿನವೇ ಹೋಗಿ. ಹಬ್ಬದ ರಜೆ, ದಾಸ್ತಾನಿಲ್ಲ ಎಂಬ ಉತ್ತರ, ಎರಡಕ್ಕೂ ನಾಲ್ಕು ದಿನದ ಅವಕಾಶ ಇರುತ್ತದೆ.

ಮಾತ್ರೆ ಮರೆತರೆ 18 ಗಂಟೆಯೊಳಗೆ ನೆನಪಾದಾಗ ನುಂಗಿ. ಅದೂ ದಾಟಿದರೆ ಅದನ್ನು ಬಿಟ್ಟು ಮರುದಿನ ಎಂದಿನ ಹೊತ್ತಿಗೆ ಒಂದೇ. ಎರಡು ಸೇರಿಸಬೇಡಿ.

ಪ್ರಶ್ನೆ: ಸರ್ಕಾರಿ ಮಾತ್ರೆ ‘ಕೆಲಸ ಮಾಡಲ್ಲ’ ಅನ್ನುತ್ತಾರೆ. ಅಮೆರಿಕದಲ್ಲಿ ಲಕ್ಷಗಟ್ಟಲೆ ಬೆಲೆಯ ಔಷಧ ಇಲ್ಲಿ ಪುಕ್ಕಟೆ ಸಿಗುವುದು ಹೇಗೆ? ಹೊರಗೆ ಕೊಳ್ಳುವುದಾದರೆ ಏನು ನೋಡಬೇಕು?
– ಓದುಗರು, ಬೆಂಗಳೂರು

ಉತ್ತರ: ಸೋಫೋಸ್ಬುವಿರ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2013ರ ಡಿಸೆಂಬರಿನಲ್ಲಿ. ಆಗ ಗಿಲಿಯಡ್ ಕಂಪನಿ ಇಟ್ಟ ಬೆಲೆ ಒಂದು ಮಾತ್ರೆಗೆ 1,000 ಡಾಲರ್, 12 ವಾರಕ್ಕೆ 84,000 ಡಾಲರ್. ಅದು ತಯಾರಿಕೆಯ ಖರ್ಚಲ್ಲ, ಪೇಟೆಂಟಿನ ಬೆಲೆ. 2014ರ ಸೆಪ್ಟೆಂಬರಿನಲ್ಲಿ ಅದೇ ಕಂಪನಿ ಭಾರತದ ಏಳು ಜೆನೆರಿಕ್ ತಯಾರಕರಿಗೆ ಪರವಾನಗಿ ಕೊಟ್ಟಿತು, ಅವುಗಳಲ್ಲಿ ನಿಮ್ಮೂರಿನ ಸ್ಟ್ರೈಡ್ಸ್ ಕೂಡ ಒಂದು. 2015ರಲ್ಲಿ 28 ಮಾತ್ರೆಯ ಡಬ್ಬಿ ಇಲ್ಲಿ ಸುಮಾರು 20,000 ರೂಪಾಯಿಗೆ ಬಂತು. ಪೈಪೋಟಿ ಹೆಚ್ಚಿದಂತೆ ಇಳಿಯುತ್ತಾ ಹೋಯಿತು. ಅದೇ ವರ್ಷ ಡಕ್ಲಾಟಾಸ್ವಿರ್‌ಗೂ ಜೆನೆರಿಕ್ ದಾರಿ ತೆರೆಯಿತು. ಸರ್ಕಾರ ಕೊಂಡು ಹಂಚುವುದೂ ದೇಶದ ಇಂಥ ಜೆನೆರಿಕ್‌ಗಳನ್ನೇ. ಕ್ರಮವಾಗಿ ನುಂಗಿದರೆ ನೂರಕ್ಕೆ 90ಕ್ಕೂ ಹೆಚ್ಚು ಜನ ಗುಣವಾಗುತ್ತಾರೆ. ‘ಕೆಲಸ ಮಾಡಲ್ಲ’ ಅನ್ನುವವರನ್ನು ಎಷ್ಟು ದಿನ ನುಂಗಿದಿರಿ ಎಂದು ಒಮ್ಮೆ ಕೇಳಿ ನೋಡಿ.

ಹೊರಗೇ ಕೊಳ್ಳುವುದಾದರೆ ಡಬ್ಬಿಯ ಮೇಲಿನ ಎಂಆರ್‌ಪಿಗೂ ನಿಜವಾದ ಮಾರಾಟ ಬೆಲೆಗೂ ಅಜಗಜಾಂತರ ಇರುತ್ತದೆ. ನಾಲ್ಕು ಕಡೆ ವಿಚಾರಿಸಿ, ಮೂರೂ ಡಬ್ಬಿಗೆ ಸೇರಿಸಿ ದರ ಕೇಳಿ, ಬ್ಯಾಚ್ ನಂಬರಿರುವ ಬಿಲ್ಲು ತೆಗೆದುಕೊಳ್ಳಿ. ಹೆಸರನ್ನು ಅಕ್ಷರ ಅಕ್ಷರ ನೋಡಿ: ಚೀಟಿಯಲ್ಲಿ ಸೋಫೋಸ್ಬುವಿರ್ ಜೊತೆ ಕೊಡುವ ವೆಲ್ಪಟಾಸ್ವಿರ್ ಇದ್ದು ಅಂಗಡಿಯವರು ‘ಎರಡೂ ಒಂದೇ’ ಎಂದು ಲೆಡಿಪಾಸ್ವಿರ್ ಕೊಟ್ಟರೆ ತಿರುಗಿಸಿ ಕೊಡಿ. ಭಾರತದಲ್ಲಿ ಹೆಚ್ಚು ಕಾಣುವುದು 3ನೇ ಜೀನೋಟೈಪ್, ಅದಕ್ಕೆ ಲೆಡಿಪಾಸ್ವಿರ್ ಸರಿಯಾಗಿ ನಾಟುವುದಿಲ್ಲ.

ಪ್ರಶ್ನೆ: ನನ್ನ ವಯಸ್ಸು 52. ಎಎಸ್‌ಟಿ 96, ಎಎಲ್‌ಟಿ 64, ಪ್ಲೇಟ್‌ಲೆಟ್ 1.1 ಲಕ್ಷ. ಪಕ್ಕದ ಬೀದಿಯವರಿಗೆ ಕೊಟ್ಟ ಮಾತ್ರೆ ನನಗೆ ಕೊಡದೆ, ಸಿರೋಸಿಸ್ ಇರಬಹುದು ಎಂದು ಬೇರೆ ಮಾತ್ರೆ ಬರೆದಿದ್ದಾರೆ. ಬಯಾಪ್ಸಿ ಮಾಡದೆ ಹೇಗೆ ಹೇಳಿದರು?
– ಓದುಗರು, ಬಳ್ಳಾರಿ

ಉತ್ತರ: ನೀವು ಬರೆದ ಅಂಕಿಗಳಿಂದಲೇ. ಎಎಸ್‌ಟಿ, ಎಎಲ್‌ಟಿ ಲಿವರ್ ಪರೀಕ್ಷೆಯವು, ಪ್ಲೇಟ್‌ಲೆಟ್ ರಕ್ತಕಣದ ಎಣಿಕೆಯದು. ಎಎಸ್‌ಟಿಯನ್ನು ಲ್ಯಾಬಿನ ಗರಿಷ್ಠ ಮಿತಿಯಿಂದ, ಅಂದರೆ 40 ಎಂದಿಟ್ಟುಕೊಂಡು, ಭಾಗಿಸಿ: 96 ಭಾಗಿಸು 40, ಬಂದದ್ದು 2.4. ಅದನ್ನು ನೂರರಿಂದ ಗುಣಿಸಿದರೆ 240. ಪ್ಲೇಟ್‌ಲೆಟ್ 1.1 ಲಕ್ಷ ಅಂದರೆ ಸಾವಿರದ ಲೆಕ್ಕದಲ್ಲಿ 110. 240 ಭಾಗಿಸು 110, ಸುಮಾರು 2.2. ಇದಕ್ಕೆ ಅಪ್ರಿ ಅಂಕ ಅನ್ನುತ್ತಾರೆ, 2 ದಾಟಿದರೆ ಸಿರೋಸಿಸ್ ಅನುಮಾನ. ವಯಸ್ಸು, ಎಎಲ್‌ಟಿ ಸೇರಿಸಿ ಮಾಡುವ ಫಿಬ್-4 ಲೆಕ್ಕದಲ್ಲೂ ನಿಮ್ಮದು 5 ದಾಟುತ್ತದೆ, 3.25ರ ಮೇಲಿದ್ದರೆ ಎಚ್ಚರಿಕೆ. ಸ್ಕ್ಯಾನಿಂಗ್ ಸೇರಿಸಿ ನೋಡಿ ವೈದ್ಯರು ತೀರ್ಮಾನಿಸುತ್ತಾರೆ, ಇದಕ್ಕಾಗಿ ಲಿವರ್‌ಗೆ ಸೂಜಿ ಚುಚ್ಚಿ ಬಯಾಪ್ಸಿ ಮಾಡುವ ಕಾಲ ಹೋಯಿತು.

ಸಿರೋಸಿಸ್ ಇದ್ದೂ ಲಿವರ್ ಇನ್ನೂ ನಿಭಾಯಿಸುತ್ತಿದ್ದರೆ ಸೋಫೋಸ್ಬುವಿರ್ 400, ವೆಲ್ಪಟಾಸ್ವಿರ್ 100 ಮಿಲಿಗ್ರಾಂ ಸೇರಿದ ಒಂದೇ ಮಾತ್ರೆ, 84 ದಿನ. ಅದೂ ಕಾರ್ಯಕ್ರಮದಲ್ಲಿ ಪುಕ್ಕಟೆಯೇ. ಹೊಟ್ಟೆಯಲ್ಲಿ ನೀರು ತುಂಬಿದ್ದರೆ, ರಕ್ತವಾಂತಿಯಾಗಿದ್ದರೆ, ಮಂಕು ಕವಿದಿದ್ದರೆ ಜೊತೆಗೆ ರಿಬಾವಿರಿನ್ ಸೇರುತ್ತದೆ. ಅಂಥವರನ್ನು ದೊಡ್ಡ ಆಸ್ಪತ್ರೆಯ ಮಾದರಿ ಚಿಕಿತ್ಸಾ ಕೇಂದ್ರಕ್ಕೆ ಕಳಿಸುತ್ತಾರೆ. ರಿಬಾವಿರಿನ್ ರಕ್ತಹೀನತೆ ತರುತ್ತದೆ, ಹಿಮೋಗ್ಲೋಬಿನ್ ನೋಡುತ್ತಲೇ ಇರಬೇಕು. ಗರ್ಭಕ್ಕೂ ಅದು ಅಪಾಯ. ಗಂಡ ಹೆಂಡತಿ ಯಾರು ನುಂಗಿದರೂ ಮುಗಿದು ಕನಿಷ್ಠ ಆರು ತಿಂಗಳವರೆಗೆ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು.

ಇನ್ನು ನಿಮ್ಮ ‘ಗ್ಯಾಸ್ ಮಾತ್ರೆ’. ಬೆಳಗೆದ್ದು ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್ ನುಂಗದ ಮನೆ ನಮ್ಮಲ್ಲಿ ಅಪರೂಪ. ಹೊಟ್ಟೆಯ ಆಮ್ಲ ತಗ್ಗಿದರೆ ವೆಲ್ಪಟಾಸ್ವಿರ್ ಕರಗುವುದಿಲ್ಲ, ದುಬಾರಿ ಮಾತ್ರೆ ಸುಮ್ಮನೆ ಹೊರಗೆ ಹೋಗುತ್ತದೆ. 84 ದಿನ ಗ್ಯಾಸ್ ಮಾತ್ರೆ ಬಿಡಲಾದರೆ ಬಿಡಿ. ಆಗದೇ ಹೋದರೆ ವೆಲ್ಪಟಾಸ್ವಿರ್ ಇರುವ ಮಾತ್ರೆಯನ್ನು ಊಟದ ಜೊತೆ ನುಂಗಿ, ನಾಲ್ಕು ಗಂಟೆ ಬಿಟ್ಟು ಒಮೆಪ್ರಜೋಲ್ 20 ಮಿಲಿಗ್ರಾಂ ತೆಗೆದುಕೊಳ್ಳಬಹುದು. ವೈದ್ಯರಿಗೆ ಹೇಳಿಯೇ ಮಾಡಿ. ಗುಲಾಬಿ ಬಣ್ಣದ ಆಂಟಾಸಿಡ್ ದ್ರವಕ್ಕೂ ನಾಲ್ಕು ಗಂಟೆಯ ಅಂತರ ಬೇಕು.

ಟಿಬಿಯ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫಿನಿಟಾಯಿನ್, ಕಾರ್ಬಮಜೆಪಿನ್ ನುಂಗುತ್ತಿದ್ದರೆ ಮೊದಲೇ ಹೇಳಬೇಕು. ಇವುಗಳಿಂದ ಹೆಪಟೈಟಿಸ್ ಔಷಧ ರಕ್ತದಲ್ಲಿ ನಿಲ್ಲುವುದೇ ಇಲ್ಲ. ಹೃದಯಕ್ಕೆ ಅಮಿಯೊಡಾರೋನ್ ನುಂಗುವವರಲ್ಲಿ ಸೋಫೋಸ್ಬುವಿರ್ ಸೇರಿದಾಗ ನಾಡಿ ಅಪಾಯಕರವಾಗಿ ನಿಧಾನವಾದದ್ದಿದೆ. ನೆಲನೆಲ್ಲಿ ಕಷಾಯ, ನಾಟಿ ಔಷಧ, ‘ಲಿವರ್ ಟಾನಿಕ್’ ಯಾವುದೂ ಈ ವೈರಸ್ ತೆಗೆಯುವುದಿಲ್ಲ. ಅಲ್ಲಿಗೆ ಹೋಗುವ ದುಡ್ಡನ್ನು ಬಸ್ ಚಾರ್ಜಿಗೆ ಇಟ್ಟುಕೊಳ್ಳಿ. ಪಥ್ಯವೂ ಬೇಡ, ಹೆಂಡ ಮಾತ್ರ ಪೂರ್ತಿ ಬಿಡಬೇಕು.

ಪ್ರಶ್ನೆ: ಅಪ್ಪನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಈಗ ಸಿ ಪಾಸಿಟಿವ್ ಬಂದಿದೆ. ಕಿಡ್ನಿ ಹೋದವರಿಗೆ ಈ ಮಾತ್ರೆ ಕೊಡಬಾರದು ಎಂದು ಯಾರೋ ಹೇಳಿದರು.
– ಓದುಗರು, ಶಿವಮೊಗ್ಗ

ಉತ್ತರ: ಅದು ಹಳೆಯ ಮಾತು. ಮೊದಲು ಆ ಎಚ್ಚರಿಕೆ ಇದ್ದದ್ದು ನಿಜ. 2019ರಲ್ಲಿ ಅಮೆರಿಕದಲ್ಲೇ ಅದನ್ನು ತೆಗೆದರು. ಡಯಾಲಿಸಿಸ್ ರೋಗಿಗೂ ಸೋಫೋಸ್ಬುವಿರ್ ಅದೇ 400 ಮಿಲಿಗ್ರಾಂ, ಕಡಿಮೆ ಮಾಡಬೇಕಿಲ್ಲ. ಡಯಾಲಿಸಿಸ್ ದಿನ ಅದು ಮುಗಿದ ಮೇಲೆ ನುಂಗಲಿ. ಕಸಿಯ ಯೋಚನೆ ಇದ್ದರೆ ಚಿಕಿತ್ಸೆ ಕಸಿಗೆ ಮುಂಚೆಯೋ ಆಮೇಲೋ ಎಂಬುದನ್ನು ಕಿಡ್ನಿ ತಜ್ಞರ (ನೆಫ್ರಾಲಜಿಸ್ಟ್) ಜೊತೆ ಮೊದಲೇ ಮಾತಾಡಿ. ನಮ್ಮ ಅನೇಕ ಕೇಂದ್ರಗಳು ಸಿ ಇರುವವರಿಗೆ ಬೇರೆ ಯಂತ್ರ ಇಡುತ್ತವೆ. ಬೇರೆ ಯಂತ್ರ ಇಲ್ಲ ಎಂದು ಡಯಾಲಿಸಿಸ್ ತಪ್ಪಿಸಿದರೆ ಸುಮ್ಮನಿರಬೇಡಿ, ಒಂದು ದಿನವೂ ತಡೆಯುವ ವಿಷಯವಲ್ಲ ಅದು.

ಪ್ರಶ್ನೆ: ಕಲಬುರಗಿಯಲ್ಲಿ ಒಂದು ಡಬ್ಬಿ ಮುಗಿದಿದೆ. ಕೆಲಸಕ್ಕೆ ಪುಣೆಗೆ ಹೋಗಬೇಕು. ಮತ್ತೆ ಮೊದಲಿಂದ ಶುರು ಮಾಡಬೇಕಾ?
– ಓದುಗರು, ಕಲಬುರಗಿ

ಉತ್ತರ: ಬೇಡ. ಇದು ದೇಶವ್ಯಾಪಿ ಕಾರ್ಯಕ್ರಮ, ನೋಂದಣಿಯಾದಾಗ ನಿಮಗೊಂದು ಸಂಖ್ಯೆ ಕೊಟ್ಟಿರುತ್ತಾರೆ. ಹೊರಡುವ ವಾರ ಮೊದಲೇ ಕೇಂದ್ರಕ್ಕೆ ಹೋಗಿ ಅಲ್ಲಿನ ಕೇಂದ್ರಕ್ಕೆ ವರ್ಗಾವಣೆ ಮಾಡಿಕೊಡಿ ಎಂದು ಕೇಳಿ. ಚಿಕಿತ್ಸಾ ಕಾರ್ಡಿನ ಫೋಟೊ ಮೊಬೈಲಿನಲ್ಲಿರಲಿ. ಹೇಳದೆ ಹೋದರೆ ಇಲ್ಲಿ ‘ಬಿಟ್ಟುಹೋದವರು’ ಎಂದು ಬರೆದುಕೊಳ್ಳುತ್ತಾರೆ, ಅಲ್ಲಿ ಹೊಸ ರೋಗಿಯಂತೆ ಎಲ್ಲ ಪರೀಕ್ಷೆ ಮತ್ತೆ.

ಪ್ರಶ್ನೆ: ಚಿಕಿತ್ಸೆ ಮುಗಿಸಿ ಗುಣವಾಗಿದ್ದೇನೆ. ಆದರೂ ಗಲ್ಫ್ ಕೆಲಸದ ಮೆಡಿಕಲ್‌ನಲ್ಲಿ ರಿಯಾಕ್ಟಿವ್ ಎಂದು ಅನ್‌ಫಿಟ್ ಮಾಡಿದರು. ಮತ್ತೆ ಮಾತ್ರೆ ತೆಗೆದುಕೊಳ್ಳಬೇಕೇ?
– ಓದುಗರು, ಭಟ್ಕಳ

ಉತ್ತರ: ಮಾತ್ರೆ ಬೇಡ. ಅವರು ನೋಡಿದ್ದು ಪ್ರತಿಕಾಯ. ವೈರಸ್ ಹೋದರೂ ಅದು ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ, ಇನ್ನೆಷ್ಟು ಮಾತ್ರೆ ನುಂಗಿದರೂ ಅಳಿಯುವುದಿಲ್ಲ. ‘ನೆಗೆಟಿವ್ ಮಾಡಿಸಿ ಕೊಡ್ತೀನಿ’ ಅನ್ನುವ ಏಜೆಂಟಿನಿಂದ ದೂರವಿರಿ.

ಆದರೆ ನೀವು ಗುಣವಾಗಿದ್ದೀರಿ ಎಂಬುದಕ್ಕೆ ಯಾವ ವರದಿ ಇದೆ? ಕೊನೆಯ ಮಾತ್ರೆಯ ದಿನ ಮಾಡಿಸಿದ ವೈರಲ್ ಲೋಡ್ ಲೆಕ್ಕಕ್ಕಿಲ್ಲ. ಕೊನೆಯ ಮಾತ್ರೆ ನುಂಗಿ 12 ವಾರವಾದ ಮೇಲೆ ಮಾಡಿಸಿದ ಆರ್‌ಎನ್‌ಎ ‘ನಾಟ್ ಡಿಟೆಕ್ಟೆಡ್’ ಬಂದಿದ್ದರೆ ಅದೇ ಗುಣವಾದ ಪುರಾವೆ. ಕಾರ್ಯಕ್ರಮದಲ್ಲಿ ಇದೂ ಪುಕ್ಕಟೆ, ಆದರೂ ಮೈ ಹಗುರಾಯಿತೆಂದು ಅನೇಕರು ಇದಕ್ಕೆ ಬರುವುದೇ ಇಲ್ಲ. ಚಿಕಿತ್ಸೆಗೆ ಮುಂಚಿನ ಆರ್‌ಎನ್‌ಎ, ಚಿಕಿತ್ಸಾ ಕಾರ್ಡು, ಈ 12 ವಾರದ ವರದಿ ಮೂರನ್ನೂ ಒಂದೇ ಫೈಲಿನಲ್ಲಿಟ್ಟು ವೈದ್ಯರಿಂದ ಇಂಗ್ಲಿಷಿನಲ್ಲಿ ಪತ್ರ ಬರೆಸಿಕೊಳ್ಳಿ. ಒಪ್ಪುವುದು ಬಿಡುವುದು ಆ ದೇಶದ ನಿಯಮಕ್ಕೆ ಬಿಟ್ಟದ್ದು. ಮುಂದಿನ ಸಲ ವೀಸಾಕ್ಕೆ ದುಡ್ಡು ಕಟ್ಟುವ ಮೊದಲೇ ಈ ಫೈಲು ತೋರಿಸಿ ಕೇಳಿ. ಸಿರೋಸಿಸ್ ಇತ್ತು ಎಂದಿದ್ದರೆ ಗುಣವಾದ ಮೇಲೂ ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಬೇಕು, ಅದು ಗಲ್ಫಿನಲ್ಲಿದ್ದರೂ ಸರಿ, ಭಟ್ಕಳದಲ್ಲಿದ್ದರೂ ಸರಿ.